ಟ್ಯಾಂಕಿಗೆ ಎಣ್ಣೆ ಇಳಿಯುತ್ತಿಲ್ಲವೇ? ಮೊದಲು ಏರ್ ಪೈಪ್ ನೋಡಿ

ಬಂಕಿನ ನಾಜಲನ್ನು ದೋಣಿಯ ಟ್ಯಾಂಕಿಗಿಟ್ಟು ಒತ್ತಿದರೆ ಎರಡು ಲೀಟರ್ ಹೋಗುವಷ್ಟರಲ್ಲಿ ಟಕ್ ಎಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ನಿಲ್ಲುತ್ತದೆ. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಕೊನೆಗೆ ಎಣ್ಣೆ ಉಕ್ಕಿ ಅಂಗಿಯ ಮೇಲೂ ಹೊಳೆಯ ನೀರಿಗೂ ಬೀಳುತ್ತದೆ. ಮಲ್ಪೆಯಲ್ಲಿ ದೋಣಿ ಎಂಜಿನ್‌ಗಳ ರಿಪೇರಿ ಮಾಡುವ ನನ್ನ ಬಳಿಗೆ ಈ ದೂರು ಹೆಚ್ಚಾಗಿ ಬರುವುದು ಆಗಸ್ಟ್ ತಿಂಗಳಲ್ಲಿ, ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ನೀರಿಗಿಳಿದ ಮೇಲೆ. ಬಂದವರು ಮೊದಲು ದೂರುವುದು ಬಂಕನ್ನು. ಬಂಕ್ ಕೆಡುವುದೇ ಇಲ್ಲವೆಂದಲ್ಲ. ಆದರೆ ಅದೇ ನಾಜಲ್ ಪಕ್ಕದ ದೋಣಿಗೆ ಸರಾಗವಾಗಿ ಸುರಿಯುತ್ತಿದ್ದರೆ ದೋಷ ನಿಮ್ಮ ದೋಣಿಯಲ್ಲೇ ಇದೆ, ಅದೂ ಹೆಚ್ಚಿನ ಸಲ ಟ್ಯಾಂಕಿನ ಗಾಳಿಯನ್ನು ಹೊರಬಿಡುವ ಏರ್ ಪೈಪಿನಲ್ಲಿ.

ಕೊಡಪಾನವನ್ನು ಬೋರಲಾಗಿ ಬಾವಿಯಲ್ಲಿ ಮುಳುಗಿಸಿದರೆ ನೀರು ತುಂಬುವುದಿಲ್ಲ. ಸ್ವಲ್ಪ ಓರೆ ಮಾಡಿ ಗಾಳಿ ಹೊರಬಿದ್ದಾಗಲೇ ತುಂಬುತ್ತದೆ. ಟ್ಯಾಂಕಿನ ಲೆಕ್ಕವೂ ಅಷ್ಟೇ. ಒಂದು ಲೀಟರ್ ಒಳಗೆ ಹೋಗಬೇಕಾದರೆ ಒಂದು ಲೀಟರ್ ಗಾಳಿ ಹೊರಗೆ ಬರಬೇಕು. ಸಾಮಾನ್ಯ ಬಂಕಿನ ಪಂಪ್ ನಿಮಿಷಕ್ಕೆ 30-40 ಲೀಟರ್ ಸುರಿಯುತ್ತದೆ, ಲಾರಿಗಳಿಗೆಂದು ಇಟ್ಟ ವೇಗದ ಪಂಪ್ ಅದಕ್ಕಿಂತ ಬಹಳ ಹೆಚ್ಚು. ಅಷ್ಟು ಗಾಳಿ ಬೆರಳುಗಾತ್ರದ ಒಂದು ಪೈಪಿನಲ್ಲೇ ಹೊರಬರಬೇಕು. ಅಲ್ಲಿ ತಡೆಯಾದರೆ ಗಾಳಿಯು ಎಣ್ಣೆ ಹಾಕುವ ಪೈಪಿನಲ್ಲೇ ಮೇಲಕ್ಕೆ ನುಗ್ಗುತ್ತದೆ, ಬರುವಾಗ ಎಣ್ಣೆಯನ್ನೂ ಎತ್ತಿ ತರುತ್ತದೆ.

ನಾಜಲ್ ಯಾಕೆ ನಿಲ್ಲುತ್ತದೆ ಎಂಬುದನ್ನೂ ತಿಳಿದುಕೊಳ್ಳಿ. ಅದರ ತುದಿಯಲ್ಲಿ ಒಂದು ಚಿಕ್ಕ ರಂಧ್ರವಿದೆ. ಎಣ್ಣೆ ಹರಿಯುವಾಗ ಆ ರಂಧ್ರದ ಮೂಲಕ ಗಾಳಿ ಒಳಗೆ ಎಳೆದುಕೊಳ್ಳುತ್ತಿರುತ್ತದೆ. ಎಣ್ಣೆಯೋ ನೊರೆಯೋ ಬಂದು ರಂಧ್ರವನ್ನು ಮುಚ್ಚಿದ ಕೂಡಲೇ ಎಳೆತ ಹೆಚ್ಚಾಗಿ ಒಳಗಿನ ಕೊಂಡಿ ಕಳಚುತ್ತದೆ. ನಾಜಲ್‌ಗೆ ಟ್ಯಾಂಕ್ ಕಾಣಿಸುವುದಿಲ್ಲ, ತನ್ನ ತುದಿಯಲ್ಲಿ ಏನಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಟ್ಯಾಂಕ್ ಅರ್ಧ ಖಾಲಿ ಇದ್ದರೂ ಕತ್ತಿನವರೆಗೆ ಎಣ್ಣೆ ಬಂದು ನಿಂತರೆ ಅದು ನಿಲ್ಲಲೇಬೇಕು. ಹಾಗೆ ನಿಂತಿತೆಂದು ಟ್ರಿಗರ್‌ಗೆ ಕಡ್ಡಿ ಸಿಕ್ಕಿಸಿ ಸುರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಉಕ್ಕುವುದನ್ನು ತಡೆಯಲು ನಿಮಗೆ ಇರುವುದು ಅದೊಂದೇ.

ಈಗ ಹುಡುಕುವ ಕೆಲಸ. ಅದಕ್ಕೆ ಮೊದಲು ಎಂಜಿನ್, ಅಡುಗೆಯ ಒಲೆ, ಬ್ಯಾಟರಿಯ ಸ್ವಿಚ್ ಎಲ್ಲವನ್ನೂ ಬಂದ್ ಮಾಡಿ, ಬೀಡಿ ದೂರವಿರಲಿ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹಾರಿಹೋಗುವುದಿಲ್ಲ, ದೋಣಿಯ ತಳಕ್ಕೆ ಇಳಿದು ಕುಳಿತಿರುತ್ತದೆ.

ನಾಜಲನ್ನು ಪೂರ್ತಿ ತುರುಕದೆ ಒಂದೆರಡು ಇಂಚು ಹಿಂದಕ್ಕೆ ತೆಗೆದು, ಅರ್ಧ ಸುತ್ತು ತಿರುಗಿಸಿ, ಟ್ರಿಗರನ್ನು ಮೊದಲ ಹಂತದಲ್ಲಷ್ಟೇ ಹಿಡಿದು ನೋಡಿ. ಹೀಗೆ ಸರಿಹೋದರೆ ಎಣ್ಣೆಯ ಹೊಡೆತ ಎಣ್ಣೆ ಹಾಕುವ ಪೈಪಿನ ತಿರುವಿಗೆ ಬಡಿದು ಹಿಂದಕ್ಕೆ ಚಿಮ್ಮುತ್ತಿತ್ತು ಎಂದು ಅರ್ಥ. ಡೀಸೆಲ್ ಆದರೆ ನೊರೆಯೂ ಕಾರಣ. ನಿಧಾನವಾಗಿ ಬಿಟ್ಟರೆ ನೊರೆ ಇಳಿಯುತ್ತದೆ. ಅದರಿಂದ ಆಗದಿದ್ದರೆ ಒಬ್ಬರು ಎಣ್ಣೆ ಬಿಡುತ್ತಿರುವಾಗ ಇನ್ನೊಬ್ಬರು ದೋಣಿಯ ಪಕ್ಕದಲ್ಲಿರುವ ಏರ್ ಪೈಪಿನ ಬಾಯಿಗೆ ಅಂಗೈ ಹಿಡಿಯಲಿ. ಗಾಳಿ ಅಂಗೈಗೆ ಚೆನ್ನಾಗಿ ತಾಗಬೇಕು. ತಾಗದಿದ್ದರೆ ಏರ್ ಪೈಪ್ ಕಟ್ಟಿಕೊಂಡಿದೆ. ಮೊದಲು ತಾಗಿ ಆಮೇಲೆ ಗುಳುಗುಳು ಸದ್ದಿನೊಡನೆ ತಡೆತಡೆದು ಬಂದರೆ ಪೈಪಿನ ಯಾವುದೋ ತಗ್ಗಿನಲ್ಲಿ ಎಣ್ಣೆ ನಿಂತಿದೆ. ಇವೆರಡರ ಮದ್ದು ಬೇರೆ ಬೇರೆ.

ಕಟ್ಟಿಕೊಂಡಿದ್ದರೆ ಮೊದಲು ಬಾಯಿಯನ್ನು ಟಾರ್ಚ್ ಹಾಕಿ ನೋಡಿ. ನಮ್ಮ ಕರಾವಳಿಯಲ್ಲಿ ಅಲ್ಲಿ ಸಿಗುವುದು ಮುಖ್ಯವಾಗಿ ಮೂರು: ಉಪ್ಪು, ಬಣ್ಣ, ಮಣ್ಣು. ಉಪ್ಪು ಸಿಹಿನೀರಿಗೆ ಕರಗುತ್ತದೆ, ಆದರೆ ನೀರು ಟ್ಯಾಂಕಿಗೆ ಇಳಿಯದಂತೆ ಬಾಯಿಯ ಬಿಡಿಭಾಗವನ್ನು ಕಳಚಿಯೇ ತೊಳೆಯಿರಿ. ಬಣ್ಣ ಎಂದರೆ ಜುಲೈ ಕೊನೆಯಲ್ಲಿ ಗಡಿಬಿಡಿಯಲ್ಲಿ ಬ್ರಷ್ ಎಳೆದವರ ಕೆಲಸ. ಜಾಲರಿಯ ಕಣ್ಣುಗಳೆಲ್ಲ ಮುಚ್ಚಿ, ಹೊರಗಿನಿಂದ ನೋಡಿದರೆ ಹೊಸತರಂತೆ ಹೊಳೆಯುತ್ತಿರುತ್ತದೆ. ಮಣ್ಣು ಕುಂಬಾರ ಹುಳುವಿನದು. ಮಳೆಗಾಲದಲ್ಲಿ ಟಾರ್ಪಾಲ್ ಹೊದಿಸಿಟ್ಟ ದೋಣಿ ಅದಕ್ಕೆ ಬೆಚ್ಚನೆಯ, ಮಳೆ ತಾಗದ ಜಾಗ. ಕಳೆದ ವರ್ಷ ಕೋಡಿ ಬೆಂಗ್ರೆ ಕಡೆಯ ಒಂದು ಫೈಬರ್ ದೋಣಿಯ ಏರ್ ಪೈಪಿನ ಬಾಯಿ ಕಳಚಿ ಬೆಂಚಿನ ಮೇಲೆ ಕುಟ್ಟಿದಾಗ ಬೆರಳುದ್ದದ ಒಣ ಮಣ್ಣಿನ ಉಂಡೆ ಇಡಿಯಾಗಿ ಹೊರಬಿತ್ತು. ಒಡೆದು ನೋಡಿದರೆ ಒಳಗೆ ಕೋಣೆ ಕೋಣೆ. ಒಂದೊಂದು ಕೋಣೆಯಲ್ಲೂ ಮರಿಗಳ ಊಟಕ್ಕೆಂದು ತುಂಬಿಸಿಟ್ಟ ಜೇಡಗಳು, ಕಾಲು ಮಡಚಿಕೊಂಡು, ಬಣ್ಣ ಇನ್ನೂ ಮಾಸದೆ. ಆ ದೋಣಿಯವರು ಅದಕ್ಕೆ ಮೊದಲು ಎಣ್ಣೆಯ ಪಂಪನ್ನೇ ಬದಲಾಯಿಸಿದ್ದರು. ಎಣ್ಣೆಯ ಪಂಪ್ ಟ್ಯಾಂಕಿನಿಂದ ಎಂಜಿನ್‌ಗೆ ಎಣ್ಣೆ ಎಳೆಯುವುದು; ತುಂಬಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದುಡ್ಡು ದಂಡವಾಯಿತಲ್ಲ ಎಂದು ನನಗೆ ಇವತ್ತಿಗೂ ಬೇಸರ.

ಬಾಯಿ ಶುದ್ಧವಾಗಿದ್ದರೆ ಪೈಪನ್ನು ಎರಡೂ ಕಡೆ ಕಳಚಿ, ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ. ಬಾಯಿಯಿಂದ ಊದಬೇಡಿ, ಪೆಟ್ರೋಲ್ ಆವಿ ಎದೆಗೆ ಹೋಗುತ್ತದೆ. ಟ್ಯಾಂಕಿಗೆ ಜೋಡಿಸಿದಂತೆಯೇ ಕಂಪ್ರೆಸರ್ ಹಿಡಿಯುವುದಂತೂ ಅಪಾಯ. ಟ್ಯಾಂಕಿನ ಬೆಸುಗೆ ಅಷ್ಟು ಒತ್ತಡ ತಾಳುವುದಿಲ್ಲ. ಕೆಲವು ಹೊಸ ದೋಣಿಗಳಲ್ಲಿ ಏರ್ ಪೈಪಿನ ನಡುವೆ ಎಣ್ಣೆ ಹೊರಚೆಲ್ಲದಂತೆ ತಡೆಯುವ ವಾಲ್ವ್ ಇರುತ್ತದೆ, ಅದು ಅಂಟುಗಟ್ಟಿ ಸಿಕ್ಕಿಕೊಂಡಿದ್ದರೆ ಬದಲಾಯಿಸಿ.

ಇನ್ನು ತಗ್ಗು. ನನ್ನ ಅನುಭವದಲ್ಲಿ ಅತಿ ಹೆಚ್ಚು ಜನರನ್ನು ಸತಾಯಿಸುವುದು ಇದೇ, ಯಾಕೆಂದರೆ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಏರ್ ಪೈಪ್ ಟ್ಯಾಂಕಿನಿಂದ ಹೊರಟಲ್ಲಿಂದ ಎತ್ತರದ ತುದಿಯವರೆಗೆ ಏರುತ್ತಲೇ ಹೋಗಬೇಕು. ನಡುವೆ ಎಲ್ಲಾದರೂ ಜೋತು ಬಿದ್ದಿದ್ದರೆ ಅಲೆಯ ಹೊಯ್ದಾಟದಲ್ಲಿ ಮೇಲೆ ಬಂದ ಎಣ್ಣೆ ಆ ಜೋಲಿನಲ್ಲಿ ನಿಲ್ಲುತ್ತದೆ, ಗಾಳಿಗೆ ಬೀಗ ಹಾಕಿದಂತಾಗುತ್ತದೆ. ಕ್ಲಿಪ್ ಸಡಿಲವಾಗಿರಬಹುದು, ಬಲೆಯ ಗಂಟನ್ನೋ ಆಂಕರನ್ನೋ ಪೈಪಿನ ಮೇಲೆ ಹೇರಿರಬಹುದು. ಪೈಪ್ ಉದ್ದವಾಗಿದ್ದರೆ ಮೋಹ ಬಿಟ್ಟು ಕತ್ತರಿಸಿ, ಒಂದೂವರೆ ಅಡಿಗೊಂದರಂತೆ ತುಕ್ಕು ಹಿಡಿಯದ ಕ್ಲಿಪ್ ಹಾಕಿ ಬಿಗಿಯಿರಿ. ಮೇಲೆ ಒಂದು ಕೊಕ್ಕೆಯಂತೆ ಬಾಗಿಸಿ ಬಾಯಿಗೆ ಇಳಿಸಿದರೆ ಸಮುದ್ರದ ನೀರೂ ಒಳಗೆ ಬರುವುದಿಲ್ಲ.

ಪೈಪಿನ ಗಾತ್ರದಲ್ಲಿ ಜಿಪುಣತನ ಬೇಡ. ಎಣ್ಣೆ ಹಾಕುವ ಪೈಪ್ ಒಳ ಅಳತೆಯಲ್ಲಿ 38 ಮಿ.ಮೀ., ಏರ್ ಪೈಪ್ 16 ಮಿ.ಮೀ. ಇದ್ದರೆ ನೆಮ್ಮದಿ. ಮಟ್ಟ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಏರ್ ಪೈಪ್ ಮಾಡಿಕೊಂಡವರು ಬಹಳ ಮಂದಿ. ಅದು ಸೆಕೆಗೆ ಮೆತ್ತಗಾಗಿ ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ವರ್ಷ ಕಳೆದಾಗ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಆವಿ ದೋಣಿಯೊಳಗೇ ಸೋರುತ್ತದೆ. ಹಳೆಯ ರಬ್ಬರ್ ಪೈಪುಗಳ ವಿಷಯದಲ್ಲೂ ಎಚ್ಚರ ಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಅದಕ್ಕೆಂದು ಮಾಡದ ರಬ್ಬರಿನ ಒಳಪದರ ಉಬ್ಬಿ, ಸುಲಿದು, ನಾಲಗೆಯಂತೆ ಜೋತು ದಾರಿ ಮುಚ್ಚಬಹುದು. ಹೊರಮೈ ಮುಟ್ಟಿದರೆ ಗೊತ್ತಾಗುವುದಿಲ್ಲ. ಕಳಚಿ ಬೆಳಕಿಗೆ ಹಿಡಿದು ಆಚೆ ತುದಿ ಕಾಣುತ್ತದೆಯೇ ನೋಡಬೇಕು.

ಮುಕ್ಕಾಲು ಟ್ಯಾಂಕ್ ಸರಾಗವಾಗಿ ತುಂಬಿ ಆಮೇಲೆ ಮೊಂಡು ಹಿಡಿಯುವ ದೋಣಿಗಳಿವೆ. ಅಲ್ಲಿ ಪೈಪ್ ಬಿಚ್ಚುವ ಮೊದಲು ದೋಣಿ ಹೇಗೆ ನಿಂತಿದೆ ನೋಡಿ. ಟ್ಯಾಂಕಿನಲ್ಲಿ ಏರ್ ಪೈಪ್ ಹೊರಡುವ ಮೂಲೆ ತಗ್ಗಾದರೆ ಅದು ಬೇಗ ಎಣ್ಣೆಯಲ್ಲಿ ಮುಳುಗುತ್ತದೆ, ಎದುರು ಮೂಲೆಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಹಿಂಭಾಗಕ್ಕೆ ಐಸ್ ತುಂಬಿಸಿ, ಬಲೆ ಒಟ್ಟಿ, ಜನರೆಲ್ಲ ಅಲ್ಲೇ ಕುಳಿತ ಮೇಲೆ ಎಣ್ಣೆ ಹಾಕಿದರೆ ಹೀಗಾಗುವುದು ಸಹಜ. ಎಣ್ಣೆ ಮೊದಲು, ಐಸ್ ಆಮೇಲೆ ಎಂದು ಕ್ರಮ ಬದಲಿಸಿದ್ದರಿಂದಲೇ ಗುಣವಾದ ದೋಣಿಗಳು ನಮ್ಮ ಧಕ್ಕೆಯಲ್ಲಿವೆ.

ಚಿಕ್ಕ ದೋಣಿಯ 24 ಲೀಟರಿನ ಬಿಡಿ ಟ್ಯಾಂಕನ್ನು ದೋಣಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಿ, ಸ್ಥಿರ ವಿದ್ಯುತ್ತಿನ ಕಿಡಿಯ ಭಯ ಕಡಿಮೆಯಾಗುತ್ತದೆ. ಕ್ಯಾನಿನಿಂದ ಸುರಿಯುವಾಗ ಆಲಿಕೆ ಬಾಯಿಗೆ ಬಿಗಿಯಾಗಿ ಕೂತರೆ ಗಾಳಿಗೆ ದಾರಿಯಿಲ್ಲದೆ ಗುಟುಕರಿಸುತ್ತದೆ. ಆಲಿಕೆಯನ್ನು ತುಸು ಎತ್ತಿ ಹಿಡಿಯಿರಿ. ಸಮುದ್ರಕ್ಕೆ ಹೊರಡುವಾಗ ಮುಚ್ಚಳದ ಏರ್ ಸ್ಕ್ರೂ ಸಡಿಲಿಸಿದ್ದೀರಾ ಎಂದು ನೋಡಿಕೊಳ್ಳಿ. ಮರೆತರೆ ಎಂಜಿನ್ ಎಣ್ಣೆಯಿಲ್ಲದೆ ಅಳಿವೆ ಬಾಗಿಲಿನಲ್ಲೇ ನಿಂತೀತು.

ಸರಿಯಾಯಿತೆಂದು ಕಂಠಮಟ್ಟ ತುಂಬಿಸಬೇಡಿ. ಬಿಸಿಲಿಗೆ ಕಾವು 10 ಡಿಗ್ರಿ ಏರಿದರೆ 100 ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಅದು ಏರ್ ಪೈಪಿನಿಂದ ಹೊಳೆಗೆ ಬೀಳುತ್ತದೆ. ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಿ. ಮಳೆಗಾಲದಲ್ಲಿ ಹುಳು ಬಾರದಿರಲಿ ಎಂದು ಬಾಯಿಗೆ ಬಟ್ಟೆ ತುರುಕುವುದೂ ಬೇಡ, ತುಕ್ಕು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಹಾಕಿ. ಬಣ್ಣ ಬಳಿಯುವ ದಿನ ಮಾತ್ರ ಟೇಪ್ ಅಂಟಿಸಿ, ಸಂಜೆಗೆ ಕಿತ್ತುಬಿಡಿ.

ಇಷ್ಟೆಲ್ಲ ನೋಡಿಯೂ ಟ್ಯಾಂಕಿನ ಗಾಳಿಬಾಯಿಯೇ ಕಿರಿದು ಎಂದು ತಿಳಿದರೆ ಹೊಸ ಬಾಯಿ ಬೆಸೆಯಬೇಕಾಗುತ್ತದೆ. ಅದನ್ನು ದೋಣಿಯಲ್ಲಿಟ್ಟು ಮಾಡಿಸಬೇಡಿ. ಎಣ್ಣೆ ಬಸಿದ ಟ್ಯಾಂಕಿನಲ್ಲಿ ಉಳಿದ ಆವಿ ಗಾಳಿಯೊಡನೆ ಬೆರೆತಿರುತ್ತದೆ, ಹೀಗಾಗಿ ತುಂಬಿದ ಟ್ಯಾಂಕಿಗಿಂತ ಬರಿದಾದ ಪೆಟ್ರೋಲ್ ಟ್ಯಾಂಕೇ ಸಿಡಿಯುವ ಭಯ ಹೆಚ್ಚು. ಟ್ಯಾಂಕನ್ನು ಹೊರತೆಗೆಸಿ, ತೊಳೆಸಿ, ಹಬೆ ಹಾಯಿಸಿ ಆವಿ ಪೂರ್ತಿ ಹೋಗಿದೆಯೆಂದು ಖಚಿತಪಡಿಸಿಕೊಂಡೇ ಬೆಸೆಯುವ, ಟ್ಯಾಂಕಿನ ಕೆಲಸವನ್ನೇ ಮಾಡಿ ಗೊತ್ತಿರುವವರ ಬಳಿಗೆ ಒಯ್ಯಿರಿ.