ದಿನಾ ಕಂಪಾಸ್ ಕ್ಯಾಲಿಬ್ರೇಟ್ ಮಾಡುವುದನ್ನು ಬಿಟ್ಟೆ, ಡ್ರೋನ್ ನೆಟ್ಟಗೆ ಹಾರಿತು

ಈ ಸಲದ ತೊಗರಿ ಸೀಸನ್ ಮುಗಿಯಿತು. ಇದ್ದದ್ದು ಔಷಧ ಹೊಡೆಯುವ ಡ್ರೋನ್ ಒಂದೇ, ಹತ್ತು ಲೀಟರಿನ, ಆರು ಮೋಟಾರಿನ ಹೆಕ್ಸಾ. ಜೇವರ್ಗಿ, ಆಳಂದ, ಸೇಡಂ ಸೇರಿ ಸಾವಿರ ಎಕರೆ ಮೇಲೆ ಹೊಡೆದಿದ್ದೇನೆ. ಇಡೀ ಸೀಸನ್ನಿನಲ್ಲಿ ಕಂಪಾಸ್ ಕ್ಯಾಲಿಬ್ರೇಷನ್, ಅಂದರೆ ಡ್ರೋನಿನ ದಿಕ್ಸೂಚಿಯನ್ನು ಸರಿಹೊಂದಿಸುವ ಕೆಲಸ, ಮಾಡಿದ್ದು ಮೂರೋ ನಾಲ್ಕೋ ಸಲ. ಒಮ್ಮೆಯೂ ಸುತ್ತು ಹಾಕಲಿಲ್ಲ, ಒಮ್ಮೆಯೂ ಸಾಲು ಬಿಟ್ಟು ಓರೆ ಹೋಗಲಿಲ್ಲ.

ದಿನಾ ಕ್ಯಾಲಿಬ್ರೇಷನ್ ಬೇಡ ಎಂದು ಮುಂಗಾರಿನಲ್ಲಿ ಹೇಳಿದಾಗ ನಮ್ಮ ಕಡೆಯ ಆಪರೇಟರ್‌ಗಳು ನಕ್ಕಿದ್ದರು. "ಅಣ್ಣಾ, ನೀ ಹಂಗೇ ಹಾರ್ಸು, ಬಿದ್ದ ಮೋಟಾರ್ ನಾವು ಆರಿಸಿ ತಂದು ಕೊಡ್ತೀವಿ" ಎಂದಿದ್ದ ಒಬ್ಬ. ದೀಪಾವಳಿ ಹೊತ್ತಿಗೆ ಅವನೇ ತನ್ನ ಡ್ರೋನ್ ತಂದು ನನ್ನ ಹತ್ತಿರ ವೈರಿಂಗ್ ಮಾಡಿಸಿಕೊಂಡು ಹೋದ. ದುಡ್ಡು ತಗೊಂಡೇ ಮಾಡಿಕೊಟ್ಟೆ.

ನಾನೂ ಮೊದಲು ಎಲ್ಲರ ಹಾಗೆಯೇ ಇದ್ದೆ. ಬೆಳಿಗ್ಗೆ ಒಂದು ಸಲ, ಹೊಲ ಬದಲಾದಾಗಲೆಲ್ಲ ಒಂದು ಸಲ. ಬ್ಯಾಟರಿ ಸೇರಿ ಹದಿಮೂರು ಹದಿನಾಲ್ಕು ಕೆಜಿ ಡ್ರೋನನ್ನು ಇಬ್ಬರು ಹಿಡಿದು ಆ ಕಡೆ ಈ ಕಡೆ ಹೊರಳಿಸಬೇಕು. ನೂರು ಪರ್ಸೆಂಟ್ ಬರುವಷ್ಟರಲ್ಲಿ ಸೊಂಟ ಹೋಗುತ್ತದೆ. ಒಮ್ಮೊಮ್ಮೆ ಫೇಲ್ ಆಗಿ ಮತ್ತೆ ಮೊದಲಿಂದ. ಒಂದು ಹೊಲಕ್ಕೆ ಹತ್ತು ಹದಿನೈದು ನಿಮಿಷ ಅಂದರೆ ದಿನಕ್ಕೆ ಒಂದು ಗಂಟೆ ಸುಮ್ನೆ ಹೋಯಿತು. ಆ ಒಂದು ಗಂಟೆಯಲ್ಲಿ ಐದಾರು ಎಕರೆ ಹೊಡೆಯಬಹುದು. ಎಕರೆಗೆ ನಾನ್ನೂರು ಹಿಡಿದರೂ ಎರಡು ಸಾವಿರದ ಮೇಲಾಯಿತು. ಅದೂ ಬೆಳಗಿನ ಗಂಟೆ, ಗಾಳಿ ಇಲ್ಲದ ಹೊತ್ತು. ಮಧ್ಯಾಹ್ನದ ಗಂಟೆಗೆ ಅಷ್ಟು ಬೆಲೆ ಇಲ್ಲ.

ಇಷ್ಟು ಮಾಡಿಯೂ ಎರಡು ವರ್ಷದ ಹಿಂದೆ ಡ್ರೋನ್ ಬಿತ್ತು. ತೊಗರಿ ಹೂವಾಡುವ ಹೊತ್ತು, ಕಾಯಿಕೊರಕಕ್ಕೆ ಔಷಧ ಹೊಡೆಯಲು ಎಲ್ಲರೂ ಒಟ್ಟಿಗೇ ಕರೆಯುವ ವಾರ. ರಸ್ತೆ ಪಕ್ಕದ ಹೊಲ. ಸಮತಟ್ಟು ಜಾಗ ಅಂತ ಮೋರಿಯ ಕಾಂಕ್ರೀಟ್ ಹಾಸಿನ ಮೇಲೆ ಕ್ಯಾಲಿಬ್ರೇಷನ್ ಆಯಿತು. ಟ್ರೇನಿಂಗ್‌ನಲ್ಲಿ "ಗಟ್ಟಿ, ಸಮ ನೆಲದ ಮೇಲೆ ಮಾಡಿ" ಎಂದೇ ಹೇಳಿಕೊಟ್ಟಿದ್ದರು. ಒಳಗೆ ಕಬ್ಬಿಣದ ಸರಳು ಇರುತ್ತದೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಆ್ಯಪ್ ಹಸಿರು ತೋರಿಸಿತು. ಟ್ಯಾಂಕ್ ತುಂಬಿಸಿ ಎತ್ತಿದೆವು. ಮೂರು ಮೀಟರ್ ಮೇಲೆ ನಿಂತಿತು, ನಿಧಾನಕ್ಕೆ ಸುತ್ತು ಶುರುವಾಯಿತು, ಸುತ್ತು ದೊಡ್ಡದಾಯಿತು. ಕಮೋಡಿನಲ್ಲಿ ನೀರು ಸುತ್ತುವ ಹಾಗೆ ಸುತ್ತುವ ಇದಕ್ಕೆ ಟಾಯ್ಲೆಟ್ ಬೌಲಿಂಗ್ ಅನ್ನುತ್ತಾರೆ. ಹೊಲದ ಕಾಕಾ "ಏನ್ರೀ ಇದು, ಹಿಂಗ್ಯಾಕ ಗಿರಗಿರ ತಿರಗ್ಲಿಕತ್ತದ?" ಎಂದು ಕೇಳುವಷ್ಟರಲ್ಲಿ ಬದುವಿನ ಜಾಲಿ ಮರ ಸಿಕ್ಕಿತು. ಮೋಡ್ ಬದಲಾಯಿಸಿದರೂ ತುಂಬಿದ ಟ್ಯಾಂಕ್ ಬೇಗ ನಿಲ್ಲುವುದಿಲ್ಲ.

ಎರಡು ಮೋಟಾರ್, ಎರಡು ತೋಳು, ರೆಕ್ಕೆಗಳು, ಟ್ಯಾಂಕ್, ಜಿಪಿಎಸ್ ಮತ್ತು ಕಂಪಾಸ್ ಕೂರುವ ಕಂಬ. ಸುಮಾರು ಐವತ್ತೈದು ಸಾವಿರ. ಪಾರ್ಟ್ ಬರಲು ಎರಡು ವಾರದ ಮೇಲಾಯಿತು, ಅಷ್ಟರಲ್ಲಿ ಹೂವಿನ ಹಂತ ಮುಗಿದಿತ್ತು. ಕೈ ಬಿಟ್ಟುಹೋದ ಎಕರೆ ಲೆಕ್ಕ ಹಾಕಿದರೆ ಇನ್ನೊಂದು ಎಪ್ಪತ್ತು ಎಂಬತ್ತು ಸಾವಿರ. ಡ್ರೋನ್ ಕೊಟ್ಟವರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ಕ್ಯಾಲಿಬ್ರೇಟ್ ಮಾಡಿರ್ಲಿಲ್ವಾ ಸರ್?" ಅಂತ. ಬೆಳಿಗ್ಗೆಯಿಂದ ಎರಡು ಸಲ ಆಗಿತ್ತು.

ಡ್ರೋನ್ ಮೂಲೆಯಲ್ಲಿ ಬಿದ್ದಿದ್ದ ಆ ಎರಡು ವಾರ ಲಾಗ್ (ಹಾರಾಟದ ದಾಖಲೆ) ತೆಗೆದು ಕೂತೆ. ಬಿದ್ದ ದಿನದ್ದು ಮಾತ್ರವಲ್ಲ, ಚೆನ್ನಾಗಿ ಹಾರಿದ ದಿನಗಳದ್ದೂ. ಲಾಗ್ ತೋರಿಸುವ ಮಿಷನ್ ಪ್ಲಾನರ್ ಸಾಫ್ಟ್‌ವೇರಿನಲ್ಲಿ ಮ್ಯಾಗ್ (ಕಂಪಾಸ್ ಓದಿದ್ದರ) ಗೆರೆಯ ಮೇಲೆ ಕರೆಂಟ್ ಗೆರೆ ಹಾಕಿ ನೋಡಿ. ನನ್ನದರಲ್ಲಿ ಎರಡೂ ಜೋಡಿ ಎತ್ತಿನ ಹಾಗೆ ಒಟ್ಟಿಗೇ ಹೋಗುತ್ತಿದ್ದವು. ಟ್ಯಾಂಕ್ ತುಂಬಿದಾಗ ಎಂಬತ್ತು ತೊಂಬತ್ತು ಆಂಪ್, ಖಾಲಿಯಾಗುತ್ತ ಬಂದಾಗ ನಲವತ್ತರ ಆಸುಪಾಸು. ಕರೆಂಟ್ ಇಳಿದ ಹಾಗೆ ಕಂಪಾಸ್ ಓದುವ ಸಂಖ್ಯೆಯೂ ಸರಿಯುತ್ತಿತ್ತು. ಅಂದರೆ ಒಂದೇ ಹಾರಾಟದಲ್ಲಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ಉತ್ತರ ದಿಕ್ಕು ಬೇರೆ ಬೇರೆ.

ನೆಲದ ಮೇಲೆ ಮಾಡುವ ಕ್ಯಾಲಿಬ್ರೇಷನ್‌ನಲ್ಲಿ ಮೋಟಾರ್ ನಿಂತಿರುತ್ತದೆ. ತೊಂಬತ್ತು ಆಂಪಿನ ಸುದ್ದಿಯೇ ಅದಕ್ಕೆ ಗೊತ್ತಿಲ್ಲ. ದಿನಕ್ಕೆ ಹತ್ತು ಸಲ ಮಾಡಿದರೂ ಗೊತ್ತಾಗುವುದಿಲ್ಲ. ಒಂದೇ ವೈರಿನಲ್ಲಿ ತೊಂಬತ್ತು ಆಂಪ್ ಹೋಗುತ್ತಿದ್ದರೆ, ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿ ಅದರ ಕಾಂತಕ್ಷೇತ್ರ ಸುಮಾರು 90 ಮೈಕ್ರೋಟೆಸ್ಲಾ. ಭೂಮಿಯದ್ದು ನಮ್ಮ ಕಡೆ 42ರ ಸುಮಾರು. ಭೂಮಿಗಿಂತ ನಮ್ಮ ಬ್ಯಾಟರಿ ವೈರೇ ಎರಡು ಪಟ್ಟು ಜೋರು! ಪ್ಲಸ್, ಮೈನಸ್ ಎರಡೂ ಅಂಟಿಕೊಂಡು ಹೋದರೆ ಒಂದನ್ನೊಂದು ಹೊಡೆದುಹಾಕುತ್ತವೆ. ನನ್ನ ಡ್ರೋನಿನಲ್ಲಿ ಕಂಪನಿಯವರು ಪ್ಲಸ್ ಎಡಗಡೆ, ಮೈನಸ್ ಬಲಗಡೆ, ನಡುವೆ ಅಂಗೈ ಅಗಲ ಜಾಗ ಬಿಟ್ಟು ನೀಟಾಗಿ ಎಳೆದಿದ್ದರು. ನೋಡಲು ಚೆಂದ ಇತ್ತು.

ಮೊದಲು ಆ ವೈರ್‌ಗಳನ್ನು ಹೊಸೆದೆ. ಜಿಪಿಎಸ್ ಕಂಬವನ್ನು ಒಂದು ಗೇಣು ಎತ್ತರಿಸಿದೆ. ಆಮೇಲೆ ಕಂಬದ ಬುಡದ ಬೋಲ್ಟ್. ಇಲ್ಲಿ ಒಂದು ತಮಾಷೆ ಇದೆ. ಕಲಬುರಗಿಯಲ್ಲಿ ಎಸ್‌ಎಸ್ ಬೋಲ್ಟ್ ಅಂತ ಕೊಟ್ಟದ್ದನ್ನೆಲ್ಲ ಮನೆಗೆ ತಂದು, ದಾರಕ್ಕೆ ಸಣ್ಣ ಆಯಸ್ಕಾಂತ ಕಟ್ಟಿ ಹತ್ತಿರ ಹಿಡಿದೆ. ಅರ್ಧದಷ್ಟು ಬೋಲ್ಟ್ ಎಳೆದುಕೊಂಡವು. ಸ್ಟೇನ್‌ಲೆಸ್ ಆದರೂ ತಯಾರಿಸುವಾಗ ಒತ್ತಿ ತಿರುಚಿದ್ದಕ್ಕೆ ಸ್ವಲ್ಪ ಕಾಂತ ಗುಣ ಬಂದಿರುತ್ತದೆ. ಕಂಪಾಸ್ ಹತ್ತಿರ ಈಗ ಹಿತ್ತಾಳೆ ಮತ್ತು ನೈಲಾನ್ ಮಾತ್ರ. ಔಷಧ ಎಷ್ಟು ಹರಿಯಿತು ಎಂದು ಅಳೆಯುವ ಫ್ಲೋ ಮೀಟರ್ ಒಳಗೂ ಸಣ್ಣ ಮ್ಯಾಗ್ನೆಟ್ ಇರುತ್ತದೆ, ಅದನ್ನು ಕೆಳಗೆ ಸರಿಸಿದೆ. ಡ್ರೋನನ್ನು ಗಾಡಿಯಲ್ಲಿ ದೊಡ್ಡ ಸ್ಪೀಕರ್ ಪಕ್ಕ ಇಟ್ಟು ಒಯ್ಯುವ ಹುಡುಗರಿಗೆ ಏನು ಹೇಳಲಿ.

ವೈರ್ ಹೊಸೆಯುವ ಮುಂಚೆ ಕಂಪಾಸ್‌ಮಾಟ್ (ಮೋಟಾರ್ ಓಡಿಸಿ ಕಂಪಾಸ್ ಎಷ್ಟು ಕೆಡುತ್ತದೆ ಎಂದು ಅಳೆಯುವ ಪರೀಕ್ಷೆ) ಮಾಡಿದಾಗ ಅಡಚಣೆ ಎಪ್ಪತ್ತು ಪರ್ಸೆಂಟ್ ಚಿಲ್ಲರೆ ಬಂದಿತ್ತು. ಮೂವತ್ತರೊಳಗೆ ಇರಬೇಕು, ಅರವತ್ತು ದಾಟಿದರೆ ಹಾರಿಸಲೇಬಾರದು. ಎಲ್ಲ ಮುಗಿದ ಮೇಲೆ ಹದಿನೆಂಟೋ ಹತ್ತೊಂಬತ್ತೋ ಬಂತು. ಇಷ್ಟು ದೊಡ್ಡ ಡ್ರೋನನ್ನು ನೆಲಕ್ಕೆ ಹೇಗೆ ಕಟ್ಟಿ ಮೋಟಾರ್ ಓಡಿಸಿದೆ ಎಂದು ಮಾತ್ರ ಕೇಳಬೇಡಿ. ಓದಿಕೊಂಡು ಮಾಡಲು ಹೋಗಿ ಯಾರಾದರೂ ರೆಕ್ಕೆಗೆ ಕೈ ಕೊಟ್ಟರೆ ನನಗೆ ಪಾಪ. ಮನೆಗೆ ಬಂದರೆ ತೋರಿಸುತ್ತೇನೆ.

ಆಮೇಲೆ ಒಂದೇ ಒಂದು ಸರಿಯಾದ ಕ್ಯಾಲಿಬ್ರೇಷನ್. ಹೊಲದ ನಡುವೆ, ಗಾಡಿ ಐವತ್ತು ಅಡಿ ಆಚೆ. ಬೋರ್‌ವೆಲ್ ಕೇಸಿಂಗ್, ತಂತಿ ಬೇಲಿ ಹತ್ತಿರ ಬೇಡ. ಮೊಬೈಲ್, ಬೆಲ್ಟ್, ಕೀ, ಉಡುದಾರದಲ್ಲಿ ಕಟ್ಟಿದ ಪಿನ್ನು ಎಲ್ಲ ತೆಗೆದಿಡಬೇಕು. ನೆಲದಿಂದ ಎತ್ತರಕ್ಕೆ ಮರದ ಹೊರಸು ಹಾಕಿಕೊಂಡೆ. ನುಲಿ ಹಗ್ಗದ ಹಳೇ ಹೊರಸು, ಈಗಿನ ಪೈಪಿನದ್ದಲ್ಲ. ಬಂದ ಆಫ್‌ಸೆಟ್‌ಗಳನ್ನು, ಅಂದರೆ ತಿದ್ದುಪಡಿ ಅಂಕಿಗಳನ್ನು, ಮಾರ್ಕರ್‌ನಲ್ಲಿ ಡ್ರೋನಿನ ತೋಳಿನ ಮೇಲೆಯೇ ಬರೆದೆ. ಮರುದಿನ ಬೇರೆ ಹೊಲದಲ್ಲಿ ಮತ್ತೆ ಮಾಡಿದರೆ ಹತ್ತು ಹದಿನೈದು ಅಂಕಿ ಮಾತ್ರ ಆಚೀಚೆ. ಅಷ್ಟಕ್ಕಾಗಿ ಸೊಂಟ ಮುರಿದುಕೊಳ್ಳಬೇಕಾ?

ಈಗ ಕ್ಯಾಲಿಬ್ರೇಷನ್ ಬದಲು ಪರೀಕ್ಷೆ ಮಾಡುತ್ತೇನೆ. ಹಿಂದಿನ ರಾತ್ರಿ ಉಪಗ್ರಹ ಮ್ಯಾಪಿನಲ್ಲಿ ಹೊಲದ ನೆಟ್ಟಗಿನ ಬದು ಒಂದನ್ನು ಹುಡುಕಿ ಅದರ ದಿಕ್ಕು ಎಷ್ಟು ಡಿಗ್ರಿ ಎಂದು ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಡ್ರೋನಿನ ಮೂತಿಯನ್ನು ಆ ಬದುವಿಗೆ ಸರಿಯಾಗಿ ಇಟ್ಟು ಹೆಡಿಂಗ್, ಅಂದರೆ ಕಂಪಾಸ್ ಹೇಳುವ ದಿಕ್ಕು, ಓದುತ್ತೇನೆ. ಹಾಗೇ ಕಾಲು ಸುತ್ತು ತಿರುಗಿಸಿ ನಾಲ್ಕೂ ಕಡೆ. ವ್ಯತ್ಯಾಸ ಐದಾರು ಡಿಗ್ರಿ ಒಳಗಿದ್ದರೆ ಎತ್ತುತ್ತೇನೆ. ನಮ್ಮ ಕಡೆ ಕಾಂತ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಒಂದು ಡಿಗ್ರಿ ಆಸುಪಾಸು, ಅದನ್ನು ಮರೆತುಬಿಡಿ. ಎತ್ತಿದ ಮೇಲೆ ಹತ್ತು ಸೆಕೆಂಡ್ ನಿಲ್ಲಿಸಿ, ಹತ್ತು ಮೀಟರ್ ಮುಂದಕ್ಕೆ ಒತ್ತಿ ನೋಡುತ್ತೇನೆ. ಬಿತ್ತಿದ ಸಾಲಿನ ಮೇಲೆಯೇ ಹೋಗಬೇಕು. ಎಲ್ಲ ಸೇರಿ ಮೂರು ನಿಮಿಷ.

ಮೋಟಾರ್, ತೋಳು, ವೈರ್ ಬದಲಾಯಿಸಿದರೆ, ಕಂಬ ಬಿಚ್ಚಿ ಹಾಕಿದರೆ, ಎಲ್ಲಾದರೂ ತಾಗಿಸಿಕೊಂಡರೆ ಮತ್ತೆ ಕ್ಯಾಲಿಬ್ರೇಷನ್. ಜಾಗ ಬದಲಾಯಿತು ಎನ್ನುವುದು ನನಗೆ ಕಾರಣವೇ ಅಲ್ಲ. ಸಣ್ಣ ಕ್ಯಾಮೆರಾ ಡ್ರೋನ್‌ಗಳ ಕೈಪಿಡಿಯಲ್ಲಿ ಐವತ್ತು ಕಿಲೋಮೀಟರ್ ದೂರ ಹೋದರೆ ಅಥವಾ ಮೂವತ್ತು ದಿನ ಹಾರಿಸದಿದ್ದರೆ ಮಾಡಿ ಎಂದಿರುತ್ತದೆ. ಅದು ಕೈಯಲ್ಲಿ ಹಿಡಿದು ತಿರುಗಿಸುವಂಥದ್ದು, ಮಾಡಿಕೊಳ್ಳಲಿ. ಇನ್ನು ಹೊರದೇಶದ ವಿಡಿಯೋ ನೋಡಿ ಹೆದರುವವರಿಗೆ ಒಂದು ಮಾತು. ಲಂಡನ್ ಕಡೆ ಕಾಂತದ ಗೆರೆ 65 ಡಿಗ್ರಿಗಿಂತ ಜಾಸ್ತಿ ನೆಲಕ್ಕೆ ಇಳಿದಿರುತ್ತದೆ. ಕಲಬುರಗಿಯಲ್ಲಿ ಇಪ್ಪತ್ತರ ಆಸುಪಾಸು, ಬೆಂಗಳೂರಿನಲ್ಲಿ ಅದರ ಅರ್ಧ. ದಿಕ್ಕು ತೋರಿಸುವ ಅಡ್ಡ ಬಲ ನಮ್ಮಲ್ಲಿ ಅವರ ಎರಡರಷ್ಟು. ಅವರ ಕಷ್ಟ ನಮಗಿಲ್ಲ.

ಜಾಗದ ವಿಷಯ ಬಂತಲ್ಲ, ಅದನ್ನೂ ನೋಡಿದೆ. ಆಳಂದದ ಕಡೆ ಕರಿಕಲ್ಲು, ಜ್ವಾಲಾಮುಖಿಯ ಬಸಾಲ್ಟ್, ಕಾಂತ ಗುಣದ ಕಲ್ಲು. ಸೇಡಂ, ಚಿತ್ತಾಪುರ ಕಡೆ ಸುಣ್ಣದಕಲ್ಲು, ಅದರಲ್ಲಿ ಏನೂ ಇಲ್ಲ. ಸೇಡಂನಲ್ಲಿ ಆ ಕಲ್ಲಿನ ಚಪ್ಪಡಿ, ಅಂದರೆ ಫರಶಿಯ ಮೇಲೆ ಇಟ್ಟರೆ ಸಂಖ್ಯೆ ಕದಲಲಿಲ್ಲ. ಆಳಂದದಲ್ಲಿ ಬಂಡೆ ಮೇಲೆ ಇಟ್ಟಾಗ ಹೆಡಿಂಗ್ ಎಂಟು ಹತ್ತು ಡಿಗ್ರಿ ತಪ್ಪಿತು. ಹೊರಸಿನ ಮೇಲೆ ಇಟ್ಟರೆ ಎರಡಕ್ಕೆ ಇಳಿಯಿತು. ಮೂರು ಮೀಟರ್ ಎತ್ತಿದರೆ ಲಾಗ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆ ಬಂಡೆಯ ಮೇಲೆ ಕ್ಯಾಲಿಬ್ರೇಟ್ ಮಾಡಿದ್ದರೆ ಇಲ್ಲದ ತಪ್ಪನ್ನು ಗಾಳಿಗೆ ಒಯ್ದ ಹಾಗಾಗುತ್ತಿತ್ತು. ಅಂದಿನಿಂದ ಎರಡು ಫರಶಿ ತುಂಡು ಗಾಡಿಯಲ್ಲೇ ಇವೆ. ಟೇಕಾಫ್‌ಗೂ ಆಯಿತು, ಊಟಕ್ಕೆ ಕೂರಲೂ ಆಯಿತು.

ಡ್ರೋನ್ ಹಾರುತ್ತಲೇ ತನ್ನ ಆಫ್‌ಸೆಟ್ ತಾನೇ ಕಲಿಯುವ ಆಯ್ಕೆಯೊಂದು ಸಾಫ್ಟ್‌ವೇರಿನಲ್ಲಿದೆ, ಲರ್ನ್ ಮೂರು ಅಂತ, ಅದನ್ನೂ ಹಾಕಿ ನೋಡಿದೆ. ಆಫ್‌ಸೆಟ್ ಮಟ್ಟಿಗೆ ಪರವಾಗಿಲ್ಲ. ಮೋಟಾರ್ ಕರೆಂಟಿನ ಲೆಕ್ಕ ಅದಕ್ಕೆ ಬರುವುದಿಲ್ಲ, ಹಾಗಾಗಿ ವೈರ್ ಸರಿ ಮಾಡದೆ ಅದನ್ನು ನಂಬಬೇಡಿ. ಇನ್ನು ದಿಕ್ಕನ್ನೂ ಹೇಳುವ ಎರಡು ಆಂಟೆನಾದ ಜಿಪಿಎಸ್ ಹಾಕಿ ಕಂಪಾಸನ್ನೇ ತೆಗೆದು ಬಿಸಾಕುವ ದಾರಿಯೂ ಇದೆ. ವಿಚಾರಿಸಿದೆ, ಕಂಬ, ವೈರ್ ಎಲ್ಲ ಸೇರಿ ಐವತ್ತು ಅರವತ್ತು ಸಾವಿರ ಹೇಳುತ್ತಾರೆ. ನಾನು ಹೊಸೆದ ವೈರ್, ಹಿತ್ತಾಳೆ ಬೋಲ್ಟ್, ಕಂಬ ಸೇರಿ ಎರಡು ಸಾವಿರವೂ ಆಗಿಲ್ಲ. ಕಡಲೆ ಸೀಸನ್ ಇದರಲ್ಲೇ ಹೊಡೆಯುತ್ತೇನೆ.