ಭಾಷಣ ಮುಗಿದ ಮೇಲಿನ ಹತ್ತು ನಿಮಿಷ

ಭಾಷಣ, ತರಬೇತಿಯನ್ನೇ ವೃತ್ತಿ ಮಾಡಿಕೊಂಡವರಿಗೆ ಒಂದು ಮಾತು. ನನಗೆ ಮುಂದಿನ ಕೆಲಸ ಸಿಕ್ಕಿರುವುದು ಜಾಸ್ತಿ ಎದುರಿಗೆ ಕೂತು ಕೇಳಿದವರಿಂದಲೇ. ಆದರೆ ಚಪ್ಪಾಳೆ ಮುಗಿದ ಕೂಡಲೇ ಬ್ಯಾಗ್ ಎತ್ತಿಕೊಂಡು ಹೊರಟುಬಿಡುತ್ತೇವೆ. ಹಾಗೆ ಮಾಡಬೇಡಿ. ಬಾಗಿಲ ಹತ್ತಿರ ಹತ್ತು ನಿಮಿಷ ನಿಲ್ಲಿ.

ಎಲ್ಲರೂ ಹೋದ ಮೇಲೆ ಒಬ್ಬರು ಮೆಲ್ಲಗೆ ಬಂದು, "ನಮ್ಮ ಆಫೀಸಲ್ಲೂ ಇದೇ ಕಥೆ" ಅನ್ನುತ್ತಾರೆ. ಆಗ ನಾನು ಕಾರ್ಡ್ ಕೊಟ್ಟು ಸುಮ್ಮನಾಗುವುದಿಲ್ಲ, ಅವರ ನಂಬರ್ ಕೇಳಿ ತೆಗೆದುಕೊಳ್ಳುತ್ತೇನೆ. ಕಾರ್ಡ್ ಜೇಬಲ್ಲೇ ಉಳಿದುಬಿಡುತ್ತದೆ, ಅಲ್ವಾ? ಅವರು ಹೇಳಿದ್ದನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳುತ್ತೇನೆ. ಮರುದಿನ ಫೋನ್ ಮಾಡಿದಾಗ ಮಾತು ಅಲ್ಲಿಂದಲೇ ಶುರು: "ಹೊಸಬರು ಮೀಟಿಂಗಲ್ಲಿ ಬಾಯೇ ಬಿಡಲ್ಲ ಅಂದಿದ್ರಲ್ಲ, ಈಗ ಹೇಗಿದೆ?" ಸುಮ್ನೆ "ನನ್ನ ನೆನಪಿದೆಯಾ" ಅನ್ನುವುದಕ್ಕಿಂತ ಇದು ಎಷ್ಟೋ ವಾಸಿ.

ಆಯೋಜಕರಿಗೂ ಅದೇ ದಿನ ಧನ್ಯವಾದ ಹೇಳಿ, ಎರಡು ಸಾಲಿನ ಅಭಿಪ್ರಾಯ ಬರೆಸಿಕೊಳ್ಳಿ. ವಾರ ಕಳೆದರೆ ಅವರಿಗೂ ಮರೆತುಹೋಗಿರುತ್ತದೆ.

ಇನ್ನು ಫೀಸ್. ಕೇಳಿದ ಕೂಡಲೇ ಇಳಿಸಬೇಡಿ, ದಯವಿಟ್ಟು. ಅವರ ಬಜೆಟ್ ಕಡಿಮೆ ಇದ್ದರೆ ಕೆಲಸವನ್ನು ಚಿಕ್ಕದು ಮಾಡಿ. 90 ನಿಮಿಷದ ಬದಲು 45 ನಿಮಿಷ ಮಾತಾಡಿ, ನಿಮಿಷಕ್ಕಿಷ್ಟು ಅನ್ನುವ ದರ ಹಾಗೇ ಇರಲಿ.