ಒಂಬತ್ತು ಗಂಟೆಯ ಗೇಟು

1998ರ ಜನವರಿ. ಸೈನ್ಯ ಸೇರಿ ಎರಡು ವರ್ಷವಾಗಿತ್ತು, ನನಗೆ ಇಪ್ಪತ್ತೆರಡು. ರಜೆಯಲ್ಲಿ ಊರಿಗೆ ಬಂದವನು ಚಿಕ್ಕಪ್ಪನ ಮಗನ ಆರ್‌ಎಕ್ಸ್ 100 ಇಸಕೊಂಡು ಅರಕಲಗೂಡಿನಿಂದ ಹಾಸನಕ್ಕೆ ಹೊರಟಿದ್ದೆ. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ಹುರುಳಿಯನ್ನು ರಸ್ತೆ ಮೇಲೇ ಹರಡುತ್ತಾರೆ, ಬಸ್ಸು ಲಾರಿ ಓಡಾಡಿ ಒಕ್ಕಣೆ ಆಗಿಹೋಗಲಿ ಅಂತ. ತಿರುವು ದಾಟಿದ ಕೂಡಲೇ ಮೊಣಕಾಲೆತ್ತರ ಹುರುಳಿ ಗಿಡ. ಹಿಂದಿನ ಬ್ರೇಕ್ ತುಳಿದೆ. ಚಕ್ರ ನಿಂತಿತು, ಬೈಕ್ ನಿಲ್ಲಲಿಲ್ಲ. ಕತ್ತಿನ ಪಕ್ಕದ ಮೂಳೆ ಮುರಿಯಿತು, ತಲೆ ಮಾತ್ರ ಸೊಪ್ಪಿನ ಮೇಲೆ ಬಿತ್ತು. ಹುರುಳಿ ಹರಡಿದ್ದಕ್ಕೇ ಬಿದ್ದೆ, ಹುರುಳಿ ಹರಡಿದ್ದಕ್ಕೇ ಉಳಿದೆ.

ಆಮೇಲೆ ಮಿಲಿಟರಿ ಆಸ್ಪತ್ರೆ, ರಜೆಯಲ್ಲಿ ಹೇಗೆ ಬಿದ್ದೆ ಅಂತ ಕೋರ್ಟ್ ಆಫ್ ಎನ್‌ಕ್ವೈರಿ, ಪೂರ್ತಿ ಫಿಟ್ ಅನ್ನುವ ಶೇಪ್-1 ದರ್ಜೆ ಹೋಗಿ ಲೋ ಮೆಡಿಕಲ್. ಆ ವರ್ಷ ಹೋಗಬೇಕಿದ್ದ ಕೋರ್ಸೂ ತಪ್ಪಿತು. ನೋವಿಗಿಂತ ಅದೇ ಹೆಚ್ಚು ಉರಿದದ್ದು.

ಇದನ್ನೇಕೆ ಮೊದಲು ಹೇಳಿದೆ ಅಂದರೆ, ಎಷ್ಟೋ ವರ್ಷದ ಮೇಲೆ ಪಠಾಣ್‌ಕೋಟ್ ಕಡೆ ನಮ್ಮ ಪಲ್ಟನ್ನಿನಲ್ಲಿ ನಾನು ಗಾಡಿಗಳ ಉಸ್ತುವಾರಿ ನೋಡುವ ಎಂಟಿ ಹವಾಲ್ದಾರ್ ಆದೆ. ಸರ್ಕಾರಿ ಗಾಡಿಗಳ ಜೊತೆಗೆ ಹುಡುಗರ ಸ್ವಂತ ಬೈಕುಗಳ ಲೆಕ್ಕವೂ ನನ್ನ ತಲೆಗೇ ಬಂತು. ಗಡಿ ಕಡೆ ಫೀಲ್ಡಿನಲ್ಲಿದ್ದಾಗ ಖರ್ಚಿಗೆ ದಾರಿಯಿಲ್ಲ, ಸಂಬಳ ಹಾಗೇ ಉಳಿಯುತ್ತದೆ. ಕೆಳಗಿಳಿದ ಕೂಡಲೇ ಮಿಲಿಟರಿ ಕ್ಯಾಂಟೀನ್ ರೇಟಿನಲ್ಲಿ ಬೈಕ್. ಊರಲ್ಲಿ ಅಪ್ಪನ ಟಿವಿಎಸ್ ಓಡಿಸಿ ಗೊತ್ತಿದ್ದವನು ನೇರವಾಗಿ ದೊಡ್ಡ ಇಂಜಿನ್ ಮೇಲೆ ಕೂರುತ್ತಿದ್ದ.

ಸೈನಿಕ ಸಮ್ಮೇಳನದಲ್ಲಿ ಅಪಘಾತದ ಫೋಟೋ ತೋರಿಸಿ ಭಾಷಣ ಆಗುತ್ತಿತ್ತು. ಹುಡುಗರು ಲೊಚಗುಟ್ಟಿ ಲಂಗರ್‌ಗೆ ಹೋಗಿ ಊಟ ಮಾಡುತ್ತಿದ್ದರು, ಅಷ್ಟೇ. ನನಗೆ ಭಾಷಣ ಬರುವುದಿಲ್ಲ. ಹೆಲ್ಮೆಟ್ ಕೊಯ್ದೆ. ಒಂದು ರಸ್ತೆ ಬದಿಯಲ್ಲಿ ತೂಗುಹಾಕಿ ಮಾರುವ ಅಗ್ಗದ ಟೋಪಿ, ಇನ್ನೊಂದು ಹೆಲ್ಮೆಟ್‌ಗೆ ಇರುವ ಸರ್ಕಾರಿ ಮಾನದಂಡ ಐಎಸ್ 4151ರ ಗುರುತಿನದು. ಗರಗಸ ಹಾಕಿ ಎರಡು ಹೋಳು ಮಾಡಿ ಬ್ಯಾರಕ್ಕಿನಲ್ಲಿ ಕೈಯಿಂದ ಕೈಗೆ ದಾಟಿಸಿದೆ. ಮೊದಲನೆಯದರಲ್ಲಿ ಪ್ಲಾಸ್ಟಿಕ್, ಅದಕ್ಕೆ ಅಂಟಿಸಿದ ಸ್ಪಂಜು. ಎರಡನೆಯದರಲ್ಲಿ ದಪ್ಪನೆಯ ಥರ್ಮೋಕೋಲ್ ಪದರ. ಏಟು ಬಿದ್ದಾಗ ತಲೆಬುರುಡೆಯ ಬದಲು ಅಪ್ಪಚ್ಚಿಯಾಗಬೇಕಾದ್ದು ಅದೇ, ಹಾಗಾಗಿ ಒಮ್ಮೆ ಬಿದ್ದ ಹೆಲ್ಮೆಟ್ ಹೊರಗೆ ಚೆಂದ ಕಂಡರೂ ಎಸೆಯಬೇಕು ಅಂದೆ. ಆಮೇಲೆ ಒಬ್ಬೊಬ್ಬರಿಗೂ ಹೆಲ್ಮೆಟ್ ಹಾಕಿಸಿ, ಪಟ್ಟಿ ಬಿಗಿಸಿ, ಹಿಂದಿನ ಅಂಚು ಹಿಡಿದು ಮುಂದಕ್ಕೆ ಎತ್ತಿದೆ. ಅರ್ಧಕ್ಕರ್ಧ ಹೆಲ್ಮೆಟ್ ನನ್ನ ಕೈಗೇ ಬಂದವು. ಗೇಟಿನಲ್ಲಿ ನಿಂತ ಆರ್‌ಪಿ, ಅಂದರೆ ಪಲ್ಟನ್ನಿನ ಪೊಲೀಸು, ನೋಡುತ್ತಿದ್ದದ್ದು ತಲೆ ಮೇಲೆ ಏನಾದರೂ ಇದೆಯೋ ಅಂತ ಮಾತ್ರ.

ಬ್ರೇಕಿನ ಕತೆ ಬೇರೆ. ಹಳ್ಳಿಯಿಂದ ಬಂದ ಹುಡುಗರಿಗೆಲ್ಲ ಯಾರೋ ಮಾವನೋ ಅಣ್ಣನೋ ಹೇಳಿಕೊಟ್ಟಿರುತ್ತಾರೆ: ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ. ನಾನೂ ಅದನ್ನೇ ನಂಬಿ ಹುರುಳಿ ಮೇಲೆ ಮಲಗಿದವನು. ಒಣ ರಸ್ತೆಯಲ್ಲಿ ಗಾಡಿ ನಿಲ್ಲಿಸುವ ಬಲ ಹೆಚ್ಚಾಗಿ ಇರುವುದೇ ಮುಂದಿನ ಚಕ್ರದಲ್ಲಿ, ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದಲ್ಲ. ಹುರುಳಿ, ಮರಳು, ಒದ್ದೆ ನೆಲದ ಮೇಲೆ ಮುಂದಿನದನ್ನು ಜೋರಾಗಿ ಹಿಡಿದರೆ ಜಾರುವುದೂ ನಿಜ. ಅಲ್ಲಿಗೆ ತಲುಪುವ ಮೊದಲೇ ನಿಧಾನ ಆಗಿರಬೇಕು, ಅದಕ್ಕೆ ಬೇರೆ ಉಪಾಯವಿಲ್ಲ.

ಒಂದು ಭಾನುವಾರ ಎಂಟಿ ಪಾರ್ಕಿನ ಡಾಂಬರಿನ ಮೇಲೆ ಸುಣ್ಣದ ಗೆರೆ ಎಳೆಸಿದೆ. ಗೆರೆ ಮುಟ್ಟಿದಾಗ ಬ್ರೇಕ್ ಹಿಡಿಯಬೇಕು, ನಿಂತಲ್ಲಿಗೆ ಹೆಜ್ಜೆ ಎಣಿಸಬೇಕು. 40ರ ವೇಗದಲ್ಲಿ ಎರಡೂ ಬ್ರೇಕ್ ಹಿಡಿದವನು ಹನ್ನೆರಡು ಹೆಜ್ಜೆಗೆ ನಿಂತ. ಬರೀ ಹಿಂದಿನದು ತುಳಿದವನು ಇಪ್ಪತ್ತು ದಾಟಿದ. ಆಮೇಲೆ, 60ರಲ್ಲಿ ಎಷ್ಟಾಗಬಹುದು ಅಂತ ಕೇಳಿದೆ. ಸಮೋಸದ ಪಂದ್ಯ ಶುರುವಾಯಿತು. ವೇಗ ಒಂದೂವರೆ ಪಟ್ಟು, ಹಾಗಾಗಿ ಹದಿನೆಂಟು ಹೆಜ್ಜೆ ಅಂತ ಎಲ್ಲರ ಲೆಕ್ಕ. ಎಣಿಸಿದರೆ ಇಪ್ಪತ್ತೇಳು. ಮತ್ತೆ ಮಾಡಿಸಿದರು, ಇಪ್ಪತ್ತೆಂಟು. ವೇಗ ಒಂದೂವರೆ ಪಟ್ಟಾದರೆ ನಿಲ್ಲುವ ದೂರ ಎರಡೂಕಾಲು ಪಟ್ಟಾಗುತ್ತದೆ ಅಂತ ಬೋರ್ಡಿನಲ್ಲಿ ಬರೆದಿದ್ದರೆ ನಿದ್ದೆ ಮಾಡುತ್ತಿದ್ದರು. ಆವತ್ತು ಸಮೋಸ ಸೋತವರಿಗೆ ಅದು ಮರೆಯಲಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದ ಮೇಲೆ ಕೆಲವರು, ಇನ್ನು ಸುಣ್ಣ ಯಾಕೆ ಉಸ್ತಾದ್ ಅಂದರು. ಎಬಿಎಸ್ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುತ್ತೆ, ಹೆಜ್ಜೆ ನೀನೇ ಎಣಿಸಬೇಕು ಅಂದೆ.

ಇಷ್ಟೆಲ್ಲ ಮಾಡಿದರೂ ಆ ಚಳಿಗಾಲ ಮೂವರು ಬಿದ್ದರು. ರಿಜಿಸ್ಟರ್ ತೆಗೆದು ನೋಡಿದೆ. ಮೂವರೂ ವಾಪಸ್ ಬರುವಾಗ, ಎಂಟೂವರೆಯಿಂದ ಒಂಬತ್ತರ ನಡುವೆ. ಹೊರಗೆ ಹೋಗಲು ಕೊಡುವ ಔಟ್‌ಪಾಸ್ ಒಂಬತ್ತಕ್ಕೆ ಮುಗಿಯುತ್ತದೆ. ಒಂಬತ್ತೂ ಐದಕ್ಕೆ ಬಂದವನಿಗೆ ಮಾರನೇ ದಿನ ಪಿಟ್ಟು, ಅಂದರೆ ಬೆನ್ನಚೀಲ, ಹೊತ್ತು ಓಟ. ಹೊರಗೆ ಪಂಜಾಬಿನ ಮಂಜು, ಮುಂದಿನ ಟ್ರ್ಯಾಕ್ಟರ್ ಟ್ರಾಲಿಗೆ ದೀಪವೇ ಇಲ್ಲ. ಹುಡುಗ ಏನು ಮಾಡುತ್ತಾನೆ? ಹ್ಯಾಂಡಲ್ ತಿರುವುತ್ತಾನೆ. ಶಿಸ್ತಿಗೆ ಅಂತ ನಾವು ಇಟ್ಟ ಗಡಿಯಾರವೇ ಅವನನ್ನು ಅಟ್ಟುತ್ತಿತ್ತು, ನಾವು ಅವನ ಹುಡುಗಾಟಿಕೆ ಅನ್ನುತ್ತಿದ್ದೆವು.

ಕಂಪನಿ ಕಮಾಂಡರ್ ಸಾಹೇಬರ ಹತ್ತಿರ ಹೋದೆ. ಎಂಟೂವರೆ ಒಳಗೆ ಫೋನ್ ಮಾಡಿ ಎಲ್ಲಿದ್ದೇನೆ ಅಂತ ಹೇಳಿದವನಿಗೆ ಒಂದು ಗಂಟೆ ತಡವಾದರೂ ಶಿಕ್ಷೆ ಬೇಡ, ಫೋನ್ ಮಾಡದೆ ತಡ ಮಾಡಿದವನಿಗೆ ಎರಡು ದಿನ ಪಿಟ್ಟು ಅಂತ ಕೇಳಿದೆ. ಸಾಹೇಬರು, "ದುರುಪಯೋಗ ಮಾಡ್ಕೋತಾರೆ" ಅಂದರು. ಮಾಡಿಕೊಂಡರು. ಸಿನಿಮಾ ಹಾಲಿನಿಂದ ಮಂಜಿನ ನೆಪ ಹೇಳಿದವರಿದ್ದರು, ಫೋನಿನಲ್ಲಿ ಹಾಡು ಕೇಳಿಸುತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಮುಂದಿನ ಚಳಿಗಾಲ ಆ ಅರ್ಧ ಗಂಟೆಯಲ್ಲಿ ಯಾರೂ ಬೀಳಲಿಲ್ಲ.

ನನ್ನ ಕೈಗೆ ಸಿಗದವನು ಗೋಕಾಕ ಕಡೆಯ ಒಬ್ಬ ಹುಡುಗ. ಸಿಯಾಚಿನ್‌ನಲ್ಲಿ ಪೋಸ್ಟ್ ಮುಗಿಸಿ ಇಳಿದಿದ್ದ. ರಜೆ ಚೀಟಿ ಹಿಡಿದು ನಿಂತಿದ್ದಾಗ, ಗಾಡಿ ಜೋಪಾನ ಕಣೋ ಅಂದೆ. "ಮ್ಯಾಲೆ ಏನೂ ಆಗ್ಲಿಲ್ಲ, ಇಲ್ಲೇನ್ ಆಗ್ತೈತ್ರಿ ಉಸ್ತಾದ್?" ಅಂದು ನಕ್ಕ. ರೈಲಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಊರು ಸೇರಿ, ಅದೇ ರಾತ್ರಿ ಗೆಳೆಯರ ಜೊತೆ ಹೊಸ ಬೈಕ್ ತೆಗೆದಿದ್ದಾನೆ. ಕನ್ನಡದವನು ಅಂತ ನನ್ನನ್ನು ಕಳಿಸಿದರು. ಪಡಸಾಲೆಯ ಮೊಳೆಗೆ ಹೆಲ್ಮೆಟ್ ತೂಗುತ್ತಿತ್ತು, ಪ್ಲಾಸ್ಟಿಕ್ ಕವರ್ ಬಿಚ್ಚಿರಲಿಲ್ಲ. ಅವರ ಅವ್ವ ನನಗೆ ಚಹಾ ಕೊಟ್ಟು, "ನಿಮ್ಮ ಮಾತ್ ಕೇಳ್ತಿದ್ನೇನ್ರಿ?" ಅಂದರು. ಉತ್ತರ ಬರಲಿಲ್ಲ ನನಗೆ.

ಅಲ್ಲಿಂದ ಬಂದ ಮೇಲೆ ರಜೆಗೆ ಹೋಗುವ ಪ್ರತಿ ಹುಡುಗನ ಮನೆಯ ಒಂದು ನಂಬರ್ ಬರೆದಿಟ್ಟುಕೊಂಡೆ. ತಾಯಿಯದು, ಇಲ್ಲವೇ ಅಕ್ಕನದು. ಅಪ್ಪಂದಿರದ್ದು ಬೇಡ, ಮಗ ಬೈಕ್ ಓಡಿಸಿದರೆ ಅವರಿಗೇ ಹೆಮ್ಮೆ. ಮೊದಲ ಎರಡು ದಿನ ಬೈಕಿನ ಕೀ ಅಮ್ಮನ ಹತ್ತಿರ ಇರಲಿ ಅಂತ ನಾನೇ ಫೋನ್ ಮಾಡಿ ಹೇಳುತ್ತಿದ್ದೆ. ತಮಿಳುನಾಡಿನ ತಾಯಂದಿರಿಗೆ ನನ್ನ ಹರುಕು ತಮಿಳಿನಲ್ಲಿ "ಕೀ, ಕೀ" ಅಂತ ಕೂಗಿದ್ದೂ ಉಂಟು. ಹುಡುಗರು ಬೈದುಕೊಂಡರು, ಬೈದುಕೊಳ್ಳಲಿ.

2022ರಲ್ಲಿ ನಾಯಬ್ ಸುಬೇದಾರ್ ಆಗಿ ಪೆನ್ಷನ್ ಬಂದೆ. ನಮ್ಮೂರ ರಸ್ತೆಯಲ್ಲಿ ಈಗಲೂ ಹುರುಳಿ ಹರಡುತ್ತಾರೆ. ದೂರದಿಂದಲೇ ಗೇರ್ ಇಳಿಸಿ, ಇಂಜಿನ್ ಆರಿಸಿ, ಕೆಳಗಿಳಿದು ಬೈಕ್ ತಳ್ಳಿಕೊಂಡು ಹೋಗುತ್ತೇನೆ. ಕಸ ಬಳಿಯುವ ಹೆಂಗಸರು, "ಹತ್ತಿಸ್ಕೊಂಡು ಹೋಗಿ ಮಿಲ್ಟ್ರಿ ಅಣ್ಣ, ನಮಗೂ ಒಂದಿಷ್ಟು ಉದುರ್ಲಿ" ಅಂತ ನಗುತ್ತಾರೆ.